ಬೇಸಗೆ, ಬೆವರು ಮತ್ತು ಶಾಖದ ಹರಿವು

ಬಿಸಿ ಕಾಫಿಯ ಲೋಟವನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟರೆ ಕಾಫಿ ಆರುತ್ತದೆ, ನೀರು ಬೆಚ್ಚಗಾಗುತ್ತದೆ. ನೀರಿನ ತಂಪು ಕಾಫಿಯನ್ನು ಸೇರಿತೆಂದು ಭಾವಿಸುವುದು ತಪ್ಪು. ತಂಪೆಂಬುದು ಪ್ರತ್ಯೇಕ ವಸ್ತುವಲ್ಲ. ಶಾಖವು ತಾನಾಗಿ ಹರಿಯುವುದು ಹೆಚ್ಚು ಉಷ್ಣತೆಯ ವಸ್ತುವಿನಿಂದ ಕಡಿಮೆ ಉಷ್ಣತೆಯ ವಸ್ತುವಿಗೆ ಮಾತ್ರ. ಎರಡೂ ಸಮವಾದಾಗ ಹರಿವು ನಿಲ್ಲುತ್ತದೆ.

ಮಾನವದೇಹವೂ ಈ ನಿಯಮಕ್ಕೆ ಹೊರತಲ್ಲ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಬೇಸಗೆಯಲ್ಲಿ ಚರ್ಮದ್ದು ಸುಮಾರು 35. ಗಾಳಿಯು ಚರ್ಮಕ್ಕಿಂತ ತಂಪಾಗಿರುವವರೆಗೆ ದೇಹದಲ್ಲಿ ಹುಟ್ಟಿದ ಶಾಖವು ಅದಕ್ಕೆ ಹರಿದುಹೋಗುತ್ತದೆ. ಮೇ ತಿಂಗಳಿನಲ್ಲಿ ದೆಹಲಿಯ ಗಾಳಿ 42 ಡಿಗ್ರಿ ಮುಟ್ಟಿದಾಗಲಾದರೋ ಹರಿವು ತಿರುಗಿ ಶಾಖವು ದೇಹದೊಳಕ್ಕೇ ಬರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಕೊಂಡೊಯ್ಯುವ ಶಾಖವು ಅರ್ಧ ಲೀಟರಿಗೂ ಮಿಕ್ಕ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸಾಕು. ಆದರೆ ಮುಂಬಯಿ, ಚೆನ್ನೈಗಳ ತೇವಭರಿತ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ದೇಹ ತಂಪಾಗದು.

ಆದುದರಿಂದ ಬೇಸಗೆಯಲ್ಲಿ ಊರಿನಿಂದ ಮಕ್ಕಳ ಮನೆಗೆ ಬರುವ ವೃದ್ಧ ತಂದೆತಾಯಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಬೆವರೂ ಕುಗ್ಗುತ್ತವೆ. ಅವರು ಕೇಳದಿದ್ದರೂ ಆಗಾಗ್ಗೆ ನೀರು, ಮಜ್ಜಿಗೆ ಕೊಡಬೇಕು. ಮೈ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ತಿಳಿಯಬೇಕು. ಕೂಡಲೇ ನೆರಳಿಗೆ ತಂದು, ಮೈಯನ್ನು ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯತಕ್ಕದ್ದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.