ಕ್ಯಾಮೆರಾದ ಪಿನ್ನಿಗೆ ಯಾವ ಹೆಸರು?

ಕೊಯಮತ್ತೂರಿನ ಗೆಳೆಯರಿಗೆ "ಗಾಂಧಿಪುರಂ ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ" ಅಂತ ಹೇಳಿ ನೋಡಿ. "ಯಾವುದು? ಟೌನ್ ಬಸ್ಸಿನದೋ, ಹೊರಊರಿನ ಬಸ್ಸಿನದೋ?" ಅಂತ ಕೇಳುತ್ತಾರೆ. ಎರಡೂ ಅಲ್ಲೇ ಹತ್ತಿರ ಹತ್ತಿರ ಇವೆ. ಬಿಡಿಸಿ ಹೇಳದಿದ್ದರೆ ನೀವೊಂದು ಕಡೆ, ಅವರೊಂದು ಕಡೆ ಕಾಯಬೇಕಾದೀತು. ಕಂಪ್ಯೂಟರಿಗೆ ಕ್ಯಾಮೆರಾ ಜೋಡಿಸುವಾಗಲೂ ಇದೇ ಪಾಡು.

ನಿಮ್ಮ ಪ್ರಯೋಗಾಲಯದಲ್ಲಿ ರಾಸ್ಪ್‌ಬೆರಿ ಪೈ ಇದ್ದರೆ, ಚಪ್ಪಟೆ ರಿಬ್ಬನ್ ಕೇಬಲ್ಲಿನ ಪುಟ್ಟ ಕ್ಯಾಮೆರಾವನ್ನು ನೋಡಿರುತ್ತೀರಿ. ಯುಎಸ್‌ಬಿ ಕ್ಯಾಮೆರಾವಾದರೆ ಸಿಕ್ಕಿಸಿದ ಕೂಡಲೇ ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಈ ಪುಟ್ಟ ಸೆನ್ಸರ್ ಹಾಗೆ ಹೇಳಿಕೊಳ್ಳುವುದಿಲ್ಲ. ಅದು ಯಾವ ಚಿಪ್, ಅದರ ವಿಳಾಸವೇನು, ಪ್ರೊಸೆಸರಿನ ಯಾವ ಪಿನ್ನಿಗೆ ಅದರ ಯಾವ ತಂತಿ ಸೇರಿದೆ ಎಂಬುದನ್ನು ಮೊದಲೇ ಬರೆದಿಡಬೇಕು. ಲಿನಕ್ಸ್‌ನಲ್ಲಿ ಈ ವಿವರಪಟ್ಟಿಗೆ 'ಡಿವೈಸ್ ಟ್ರೀ' ಎನ್ನುತ್ತಾರೆ.

ತೊಡಕು ಶುರುವಾಗುವುದು ಹೆಸರಿನಲ್ಲಿ. ಸೆನ್ಸರನ್ನು ಮೊದಲ ಸ್ಥಿತಿಗೆ ತರುವ ಪಿನ್ನನ್ನು ಓಮ್ನಿವಿಷನ್ ಕಂಪನಿಯ ಓವಿ5640 ಚಿಪ್ಪಿನಲ್ಲಿ 'ರೀಸೆಟ್‌ಬಿ' ಎನ್ನುತ್ತಾರೆ. ಸೋನಿಯ ಐಎಂಎಕ್ಸ್219ರಲ್ಲಿ ಅದೇ 'ಎಕ್ಸ್‌ಸಿಎಲ್‌ಆರ್'. ಹೆಸರು ಬೇರೆ, ಕೆಲಸ ಒಂದೇ. ನಮ್ಮ ಮನೆಗಳಲ್ಲಿ ಒಬ್ಬರನ್ನೇ ಒಬ್ಬರು ಅಕ್ಕ ಅಂತಾರೆ, ಇನ್ನೊಬ್ಬರು ಅತ್ತೆ ಅಂತಾರೆ. ರೇಷನ್ ಕಾರ್ಡಿನಲ್ಲಿ ಮಾತ್ರ ಒಂದೇ ಹೆಸರು. ಹಾಗೆಯೇ ಡಿವೈಸ್ ಟ್ರೀಯಲ್ಲಿ ಎರಡಕ್ಕೂ 'ರೀಸೆಟ್-ಜಿಪಿಐಒಸ್' ಎಂದೇ ಬರೆಯುತ್ತಾರೆ. ನಿದ್ದೆಗೆ ಕಳಿಸುವ ಪಿನ್ ಇದ್ದರೆ 'ಪವರ್‌ಡೌನ್-ಜಿಪಿಐಒಸ್'. ಪಿನ್ ಒಂದೇ ಇದ್ದರೂ ಕೊನೆಯಲ್ಲಿ ಬಹುವಚನವೇ ಬರಬೇಕು.

ವಿದ್ಯುತ್ ಪೂರೈಸುವ ಪಿನ್‌ಗಳ ವಿಷಯ ಬೇರೆ. ಓವಿ5640ರ ಎವಿಡಿಡಿಗೆ 2.8 ವೋಲ್ಟ್, ಡಿವಿಡಿಡಿಗೆ 1.5 ವೋಲ್ಟ್ ಬೇಕು. ಯಾವುದಕ್ಕೆ ಎಷ್ಟು ಎಂದು ಕಂಪನಿಯ ಮಾಹಿತಿಪತ್ರದ ಜೊತೆ ತಾಳೆ ನೋಡಬೇಕಲ್ಲ? ಅದಕ್ಕಾಗಿ ಇಲ್ಲಿ ಚಿಪ್ಪಿನವರು ಇಟ್ಟ ಹೆಸರನ್ನೇ ಉಳಿಸಿಕೊಂಡು, ಮುಂದೆ 'ಸಪ್ಲೈ' ಎಂದು ಸೇರಿಸುತ್ತಾರೆ.

ಹೆಸರು ಸರಿಯಾದರೆ ಸಾಲದು, ಪಿನ್ ಯಾವಾಗ ಕೆಲಸ ಮಾಡುತ್ತದೆ ಎಂದೂ ಹೇಳಬೇಕು. ಫ್ರಿಜ್ ಬಾಗಿಲಿನ ಸ್ವಿಚ್ ನೆನಪಿಸಿಕೊಳ್ಳಿ: ಒತ್ತಿದಾಗ ದೀಪ ಆರುತ್ತದೆ, ಬಿಟ್ಟಾಗ ಹತ್ತುತ್ತದೆ. ರೀಸೆಟ್‌ಬಿ ಕೂಡ ಹೀಗೇ ಉಲ್ಟಾ. ವೋಲ್ಟೇಜ್ ಇಳಿದಾಗ ರೀಸೆಟ್ ಆಗುತ್ತದೆ, ಏರಿದಾಗ ಬಿಡುಗಡೆ. ಹೆಸರಿನ ಕೊನೆಯ 'ಬಿ', ಸೋನಿಯ ಹೆಸರಿನ ಮೊದಲ 'ಎಕ್ಸ್' ಇದರ ಗುರುತು. ಡಿವೈಸ್ ಟ್ರೀಯಲ್ಲಿ ಇದನ್ನು 'ಆ್ಯಕ್ಟಿವ್ ಲೋ' ಎಂದು ನಮೂದಿಸಬೇಕು. ತಪ್ಪಿ 'ಆ್ಯಕ್ಟಿವ್ ಹೈ' ಎಂದು ಬರೆದಿರೋ, ರೀಸೆಟ್ ಬಿಟ್ಟೆ ಎಂದು ಡ್ರೈವರ್ ತಿಳಿದುಕೊಂಡಿರುತ್ತದೆ. ಸೆನ್ಸರ್ ಮಾತ್ರ ರೀಸೆಟ್‌ನಲ್ಲೇ ಸಿಕ್ಕಿಕೊಂಡು, ಕರೆದರೂ ಓಗೊಡುವುದಿಲ್ಲ. ಮಕ್ಕಳು ಕೇಬಲ್ ಬದಲಿಸುತ್ತಾರೆ, ಆಮೇಲೆ ಕ್ಯಾಮೆರಾ ಕೆಟ್ಟಿದೆ ಅಂತ ಪಕ್ಕಕ್ಕಿಡುತ್ತಾರೆ. ಕೆಟ್ಟಿರುವುದು ಒಂದು ಪದ ಅಷ್ಟೆ!

ಇಷ್ಟಾದರೂ ಎಲ್ಲ ಹೆಸರೂ ಒಂದೇ ಸಮ ಇಲ್ಲ. 2013ರಲ್ಲಿ ಬಂದ ಪೈನ ಮೊದಲ ಕ್ಯಾಮೆರಾದ ಓವಿ5647 ಸೆನ್ಸರಿಗೆ 'ಪಿಡಬ್ಲ್ಯುಡಿಎನ್-ಜಿಪಿಐಒಸ್' ಎಂಬ ಹೆಸರು ಉಳಿದುಕೊಂಡಿದೆ. ಒಮ್ಮೆ ಬಳಕೆಗೆ ಬಂದ ಹೆಸರನ್ನು ಕಿತ್ತುಹಾಕಿದರೆ, ಅದನ್ನೇ ನಂಬಿ ಬರೆದ ಹಳೆಯ ಪಟ್ಟಿಗಳು ಕೆಲಸ ಮಾಡುವುದಿಲ್ಲ. ಹೆಸರಿಡುವಾಗಲೇ ಎಚ್ಚರ ಬೇಕು ಎನ್ನುವುದು ಇದಕ್ಕೇ.

ತರಗತಿಯಲ್ಲಿ ಮಾಡಿಸಿ: ಹಲಗೆಯ ಮೇಲೆ ಮೂರು ಕಲಂ ಎಳೆಯಿರಿ. ಚಿಪ್ಪಿನ ಮೇಲಿನ ಹೆಸರು, ಮಾಡುವ ಕೆಲಸ, ಯಾವ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಮಕ್ಕಳೇ ತುಂಬಲಿ. ಮೂರೂ ತುಂಬಿದ ಮೇಲಷ್ಟೇ ತಂತಿ ಮುಟ್ಟಲು ಬಿಡಿ.