ದೂರದ ಲೆಕ್ಕ, ಹೊತ್ತಿನ ಲೆಕ್ಕ

ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬರಲು ಎಷ್ಟು ಹೊತ್ತು ಬೇಕು? ಕಳೆದ ವರ್ಷ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಯಿತು. ಆ ತಪ್ಪಿನಿಂದ ಕಲಿತುದನ್ನು ವಾಚಕಮಿತ್ರರ ಮುಂದಿಡುತ್ತಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಮ್ಮ ಅಜ್ಜಿಗೆ ಮಧ್ಯಾಹ್ನ 2 ಗಂಟೆಗೆ ಶಸ್ತ್ರಚಿಕಿತ್ಸೆಯೆಂದು ಗೊತ್ತಾಗಿತ್ತು. ದೆಹಲಿಯಲ್ಲಿ ನೌಕರಿಯಲ್ಲಿರುವ ಅಣ್ಣನು ಹತ್ತೂವರೆಯ ವಿಮಾನಕ್ಕೆ ಹೊರಟಿದ್ದನು. “ಎಷ್ಟು ಹೊತ್ತಿಗೆ ಬರುತ್ತಾನೋ ಮಗು?” ಎಂದು ಅಜ್ಜಿ ಕೇಳಿದರು. “ಹನ್ನೆರಡೂವರೆಗೆ ಇಳಿಯುತ್ತಾನೆ. ಒಂದೂವರೆಯೊಳಗೆ ಇಲ್ಲಿರುತ್ತಾನೆ ಅಜ್ಜಿ” ಎಂದೆ.

ನನ್ನ ಲೆಕ್ಕ ಹೀಗಿತ್ತು. ದೆಹಲಿಯ ವಿಮಾನ ನಿಲ್ದಾಣವು ಸುಮಾರು 28.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದೇವನಹಳ್ಳಿಯ ಬಳಿ ಇರುವ ಬೆಂಗಳೂರಿನ ನಿಲ್ದಾಣವು 13.2 ಡಿಗ್ರಿಯಲ್ಲಿದೆ. ರೇಖಾಂಶವು ಎರಡಕ್ಕೂ ಹೆಚ್ಚುಕಡಿಮೆ ಒಂದೇ, 77 ಡಿಗ್ರಿಯ ಆಸುಪಾಸು. ದುಂಡಗಿನ ಭೂಮಿಯ ಮೇಲೆ ಎರಡು ಸ್ಥಳಗಳ ನಡುವಣ ಅತಿ ಹತ್ತಿರದ ದಾರಿ ಮಹಾವೃತ್ತದ ಕಂಸ. ರೇಖಾಂಶದ ಗೆರೆಗಳೆಲ್ಲ ಅಂಥವೇ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. 15.4 ಡಿಗ್ರಿಗೆ ಸುಮಾರು 1,710 ಕಿಲೋಮೀಟರಾಯಿತು. ಜೆಟ್ ವಿಮಾನದ ವೇಗ ಗಂಟೆಗೆ 850 ಕಿಲೋಮೀಟರು. ಭಾಗಿಸಿದರೆ ಎರಡು ಗಂಟೆ.

ದೂರವೇನೋ ಸರಿಯಾಗಿತ್ತು. ಹೊತ್ತು ಮಾತ್ರ ತಪ್ಪಿತು. ಏಕೆಂದರೆ ವಿಮಾನವು ದಾರಿಯುದ್ದಕ್ಕೂ ಆ ವೇಗದಲ್ಲಿ ಹಾರುವುದಿಲ್ಲ. ಹತ್ತು ಹನ್ನೊಂದು ಕಿಲೋಮೀಟರು ಎತ್ತರಕ್ಕೆ ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ನೆಲ ಮುಟ್ಟುವ ಮುನ್ನ ಗಂಟೆಗೆ ಸುಮಾರು 250 ಕಿಲೋಮೀಟರಿಗೆ ಬಂದಿರುತ್ತದೆ.

ದಾರಿಯೂ ನೆಟ್ಟಗಿಲ್ಲ. ಆಕಾಶದಲ್ಲಿ ಗೊತ್ತುಮಾಡಿದ ಮಾರ್ಗಗಳಿವೆ. ಎರಡು ನಿಲ್ದಾಣಗಳ ರನ್‌ವೇಗಳೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿವೆ. ಆದುದರಿಂದ ಉತ್ತರದಿಂದ ಬರುವ ವಿಮಾನವು ತಿರುಗಿ ಸಾಲಿಗೆ ಬಂದೇ ಇಳಿಯಬೇಕು. ಮುಂದೆ ಬೇರೆ ವಿಮಾನಗಳಿದ್ದರೆ ಸುತ್ತುಹಾಕಿ ಕಾಯಬೇಕು.

ಇನ್ನು ವೇಳಾಪಟ್ಟಿಯ ಹತ್ತೂವರೆ ಎಂಬುದು ವಿಮಾನವು ನಿಂತ ಜಾಗವನ್ನು ಬಿಡುವ ಹೊತ್ತೇ ಹೊರತು ನೆಲ ಬಿಡುವ ಹೊತ್ತಲ್ಲ. ಅಲ್ಲಿಂದ ರನ್‌ವೇವರೆಗೆ ನಿಧಾನವಾಗಿ ಉರುಳಿ, ಸರದಿ ಕಾದು, ಆಮೇಲೆ ಹಾರಬೇಕು. ಇಳಿದ ಮೇಲೂ ಹಾಗೆಯೇ. ಇವೆಲ್ಲ ಸೇರಿ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಎರಡೂಮುಕ್ಕಾಲು ಗಂಟೆಗೆ ಹೆಚ್ಚುಕಡಿಮೆ ಹೊತ್ತು ತೋರಿಸಿರುತ್ತಾರೆ. ಅದನ್ನು ನೋಡುವ ಗೋಜಿಗೇ ನಾನು ಹೋಗಿರಲಿಲ್ಲ. 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣವು ನಗರದ ನಡುಭಾಗದಿಂದ 30 ಕಿಲೋಮೀಟರಿಗೂ ದೂರ. ಸಾಮಾನು ಪಡೆದು, ರಸ್ತೆಯ ಸಂದಣಿ ದಾಟಿ ಬರಲು ಬೇಕಾದ ಹೊತ್ತು ಯಾವ ಭೂಪಟದಲ್ಲಿಯೂ ಇಲ್ಲ.

ಒಂದೂವರೆಯಿಂದ ಅಜ್ಜಿ ಬಾಗಿಲ ಕಡೆಯೇ ನೋಡುತ್ತಿದ್ದರು. “ಇನ್ನೂ ಬರಲಿಲ್ಲವೇ?” ಎಂದು ಕೇಳುತ್ತಲೇ ಒಳಗೆ ಹೋದರು. ಅಣ್ಣ ಬಂದಾಗ ಮೂರು ಗಂಟೆ. ದೇವರ ದಯದಿಂದ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಸಂಜೆ ಅವನನ್ನು ಕಣ್ತುಂಬ ನೋಡಿದರು. ಆದರೆ ಆ ಅರ್ಧ ಗಂಟೆಯ ಸಂಕಟ ನನ್ನ ಲೆಕ್ಕದಿಂದ ಬಂದದ್ದು. ಮೂರು ಗಂಟೆಯೆಂದು ಮೊದಲೇ ಹೇಳಿದ್ದರೆ “ಎದ್ದ ಮೇಲೆ ನೋಡಿದರಾಯಿತು” ಎಂದು ಸಮಾಧಾನದಿಂದ ಹೋಗುತ್ತಿದ್ದರು.

ಆದುದರಿಂದ ಗೆಳೆಯರೇ, ಕಾಯುವವರಿಗೆ ಹೊತ್ತು ಹೇಳುವಾಗ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಲೆಕ್ಕ ಹಾಕಿ ಹೇಳಿರಿ.