ಎಳೆ ಕಡಿದರೆ ನಿಲ್ಲುವ ಮಗ್ಗ: ಟೊಯೋಟಾ ಗಳಿಸಿದ ಹೆಸರು ಮತ್ತು ಅದರ ಬೆಲೆ

ಮೋಟಾರು ವಾಹನ ಉದ್ಯಮದಲ್ಲಿ ಟೊಯೋಟಾ ಸಂಸ್ಥೆಗೆ ಇರುವ ಸ್ಥಾನ ಸರ್ವವಿದಿತ. 2020ರಿಂದ 2024ರವರೆಗೆ ಸತತ ಐದು ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ವಾಹನಗಳನ್ನು ಮಾರಿದ ಸಮೂಹವದು. ಆದರೆ ವ್ಯಾಪಾರಿಗಳಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಆ ಸಂಸ್ಥೆಯ ಗಾತ್ರಕ್ಕಿಂತ ಅದರ ಹೆಸರು ಹೆಚ್ಚು ವಿಚಾರಯೋಗ್ಯವಾದುದು. ‘ಟೊಯೋಟಾ ಗಾಡಿ ಕೆಡುವುದಿಲ್ಲ’ ಎಂಬ ಮಾತು ಜಾಹೀರಾತಿನಿಂದ ಹುಟ್ಟಿದ್ದಲ್ಲ. ಅದು ಹೇಗೆ ಹುಟ್ಟಿತು, ಯಾವಾಗ ಕಳಂಕಗೊಂಡಿತು, ಅದನ್ನು ಉಳಿಸಿಕೊಳ್ಳಲು ಎಷ್ಟು ಬೆಲೆ ತೆರಬೇಕಾಯಿತು ಎಂಬುದನ್ನು ಅರಿಯಲು ಕಾರಿನಿಂದಲ್ಲ, ಮಗ್ಗದಿಂದ ಆರಂಭಿಸಬೇಕು.

ಮಗ್ಗದಿಂದ ಮೋಟಾರಿಗೆ

ಜಪಾನಿನ ಶಿಜುವೊಕಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1867ರಲ್ಲಿ ಬಡಗಿಯ ಮಗನಾಗಿ ಜನಿಸಿದ ಸಕಿಚಿ ಟೊಯೋಡಾ ಕೈಮಗ್ಗಗಳ ಸುಧಾರಣೆಯಲ್ಲೇ ಜೀವನ ಸವೆಸಿದವರು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಅವರು ಮೊದಲ ಪೇಟೆಂಟ್ ಪಡೆದರು. 1924ರಲ್ಲಿ ಪೂರ್ಣಗೊಂಡ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ಅವರ ದುಡಿಮೆಯ ಶಿಖರ. ಆ ಮಗ್ಗಕ್ಕೆ ಎರಡು ವಿಶೇಷಗಳಿದ್ದವು. ಲಾಳಿಯ ನೂಲು ಮುಗಿಯುತ್ತಿದ್ದಂತೆ ವೇಗ ತಗ್ಗದೆಯೇ ಹೊಸ ಲಾಳಿ ಬಂದು ಸೇರುತ್ತಿತ್ತು. ಹಾಸಿನ ಎಳೆಯೊಂದು ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು.

ಎರಡನೆಯ ಗುಣವೇ ಮುಂದಿನ ಇತಿಹಾಸಕ್ಕೆಲ್ಲ ಬೀಜವಾಯಿತು. ಎಳೆ ಕಡಿದದ್ದನ್ನು ಅರಿಯದ ಮಗ್ಗ ಗಜಗಟ್ಟಲೆ ದೋಷಯುಕ್ತ ಬಟ್ಟೆಯನ್ನು ನೇಯುತ್ತಲೇ ಹೋಗುತ್ತದೆ. ಅದನ್ನು ತಡೆಯಲು ಪ್ರತಿ ಮಗ್ಗದ ಬಳಿ ಕಾವಲಿರಬೇಕಾಗುತ್ತದೆ. ತಾನೇ ನಿಲ್ಲುವ ಮಗ್ಗಕ್ಕೆ ಕಾವಲು ಬೇಡ. ಒಬ್ಬ ಕಾರ್ಮಿಕ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದು, ಕೆಟ್ಟ ಬಟ್ಟೆಯೂ ಹುಟ್ಟುವುದಿಲ್ಲ. ಈ ಮಗ್ಗಗಳ ತಯಾರಿಕೆಗೆಂದೇ 1926ರಲ್ಲಿ ಟೊಯೋಡಾ ಸ್ವಯಂಚಾಲಿತ ಮಗ್ಗಗಳ ಕಾರ್ಖಾನೆ ಸ್ಥಾಪಿತವಾಯಿತು. 1929ರಲ್ಲಿ ಇಂಗ್ಲೆಂಡಿನ ಓಲ್ಡಮ್ ನಗರದ ಪ್ಲಾಟ್ ಬ್ರದರ್ಸ್ ಸಂಸ್ಥೆ ಇದರ ಹಕ್ಕುಗಳಿಗಾಗಿ 1,00,000 ಪೌಂಡುಗಳ ಒಪ್ಪಂದ ಮಾಡಿಕೊಂಡಿತು. ಜವಳಿ ಯಂತ್ರಗಳಿಗೆ ಜಗತ್ಪ್ರಸಿದ್ಧವಾಗಿದ್ದ ಸಂಸ್ಥೆಯೊಂದು ಜಪಾನಿನ ಬಡಗಿಯ ಮಗನ ಯಂತ್ರವನ್ನು ಕೊಂಡಿತೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಸಕಿಚಿಯವರ ಮಗ ಕಿಇಚಿರೋ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಹೊರಬಂದ ಮೊದಲ ಟ್ರಕ್ಕುಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ಸಂಸ್ಥೆಯವರು ಗಾಡಿ ನಿಂತಲ್ಲಿಗೆ ಹೋಗಿ ದುರಸ್ತಿ ಮಾಡುತ್ತಿದ್ದರು. ಕೆಟ್ಟ ಭಾಗದ ವಿವರವನ್ನು ಕಾರ್ಖಾನೆಗೆ ತಂದು ವಿನ್ಯಾಸವನ್ನು ತಿದ್ದುತ್ತಿದ್ದರು. 1937ರ ಆಗಸ್ಟ್‌ನಲ್ಲಿ ಟೊಯೋಟಾ ಮೋಟಾರ್ ಕಂಪನಿ ಪ್ರತ್ಯೇಕವಾಗಿ ಸ್ಥಾಪಿತವಾಯಿತು.

ದಿವಾಳಿಯ ಅಂಚಿನಲ್ಲಿ

ಯುದ್ಧಾನಂತರ 1949ರಲ್ಲಿ ಜಪಾನ್ ಸರ್ಕಾರ ಹಣದುಬ್ಬರ ತಗ್ಗಿಸಲು ಕೈಗೊಂಡ ಕಠಿಣ ಕ್ರಮಗಳಿಂದ ಮಾರುಕಟ್ಟೆ ಕುಸಿಯಿತು. ಗಾಡಿಗಳು ಮಾರಾಟವಾಗಲಿಲ್ಲ, ಮಾರಾಟವಾದವುಗಳ ಹಣ ವಸೂಲಾಗಲಿಲ್ಲ. ಬ್ಯಾಂಕುಗಳ ಕೂಟವೊಂದು ಸಾಲ ಕೊಟ್ಟು ಉಳಿಸಿತಾದರೂ ಮಾರಾಟ ವಿಭಾಗವನ್ನು ಬೇರೆ ಕಂಪನಿಯಾಗಿಸಬೇಕಾಯಿತು. 1950ರಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆದು, ಸುಮಾರು 2,000 ಮಂದಿ ಕೆಲಸ ಬಿಟ್ಟರು. ಅದರ ಹೊಣೆ ಹೊತ್ತು ಕಿಇಚಿರೋ ಜೂನ್ ತಿಂಗಳಲ್ಲಿ ಅಧ್ಯಕ್ಷ ಪದವಿ ತ್ಯಜಿಸಿದರು. ಅದೇ ತಿಂಗಳು ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆಯಿಂದ ಟ್ರಕ್ಕುಗಳಿಗೆ ಬೇಡಿಕೆ ಬಂದಿತು, ಸಂಸ್ಥೆ ಬದುಕಿಕೊಂಡಿತು. ಮತ್ತೆ ಅಧಿಕಾರ ವಹಿಸಿಕೊಳ್ಳಲು ಒಪ್ಪಿದ್ದ ಕಿಇಚಿರೋ 1952ರಲ್ಲಿ ನಿಧನರಾದರು.

ಈ ಅನುಭವ ಎರಡು ಪಾಠಗಳನ್ನು ಬಿಟ್ಟುಹೋಯಿತು. ಒಂದು, ಸಾಲದ ಹಂಗಿಗೆ ಬೀಳದೆ ಕೈಯಲ್ಲಿ ಹಣವಿಟ್ಟುಕೊಳ್ಳುವುದು. ಇನ್ನೊಂದು, ಮಾರಾಟವಾಗದ ಮಾಲನ್ನು ತಯಾರಿಸದಿರುವುದು.

ಬೇಕಾದಾಗ, ಬೇಕಾದಷ್ಟು

ಎರಡನೆಯ ಪಾಠವನ್ನು ಕಾರ್ಖಾನೆಯ ಪದ್ಧತಿಯಾಗಿಸಿದವರು ತೈಇಚಿ ಓಹ್ನೋ. ಅವರೂ ಮೊದಲು ಟೊಯೋಡಾ ಸಮೂಹದ ಜವಳಿ ಗಿರಣಿಯಲ್ಲಿದ್ದವರೇ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಕಪಾಟಿನಿಂದ ಎಷ್ಟು ತೆಗೆದುಕೊಳ್ಳುತ್ತಾನೋ ಅಷ್ಟನ್ನೇ ಮತ್ತೆ ತುಂಬುವ ಕ್ರಮವನ್ನು ಅವರು ಕಾರ್ಖಾನೆಗೆ ಅನ್ವಯಿಸಿದರು. ಮುಂದಿನ ಹಂತದವರು ಹಿಂದಿನ ಹಂತಕ್ಕೆ ಗಿರಾಕಿಗಳು. ಅವರು ಒಯ್ದಷ್ಟನ್ನೇ ಇವರು ತಯಾರಿಸಬೇಕು. ಈ ಬೇಡಿಕೆಯನ್ನು ತಿಳಿಸುವ ಚೀಟಿಯೇ ‘ಕಾನ್‌ಬಾನ್’. ಓಹ್ನೋ ಗುರುತಿಸಿದ ಏಳು ಬಗೆಯ ಪೋಲುಗಳಲ್ಲಿ ಅತಿ ಕೆಟ್ಟದ್ದು ಅಧಿಕ ಉತ್ಪಾದನೆ. ಏಕೆಂದರೆ ಹೆಚ್ಚುವರಿ ದಾಸ್ತಾನು ಉಳಿದೆಲ್ಲ ದೋಷಗಳನ್ನು ಮುಚ್ಚಿಡುತ್ತದೆ.

ಬೆಲೆಯ ಬಗೆಗೂ ಅವರ ಲೆಕ್ಕ ಭಿನ್ನವಾಗಿತ್ತು. ಖರ್ಚಿಗೆ ಲಾಭ ಸೇರಿಸಿ ಬೆಲೆ ಕಟ್ಟುವುದು ಸಾಮಾನ್ಯ ರೂಢಿ. ಬೆಲೆಯನ್ನು ನಿಶ್ಚಯಿಸುವುದು ಮಾರುಕಟ್ಟೆಯಾದ್ದರಿಂದ ಅದರಲ್ಲಿ ಖರ್ಚನ್ನು ಕಳೆದು ಉಳಿದದ್ದೇ ಲಾಭವೆಂಬುದು ಓಹ್ನೋ ಅವರ ನಿಲುವು. ಹಾಗಾಗಿ ಖರ್ಚು ತಗ್ಗಿಸುವುದೊಂದೇ ತಯಾರಕನ ಕೈಯಲ್ಲಿರುವ ದಾರಿ. ಒಂದು ಸಾವಿರ ಟನ್ನಿನ ಪ್ರೆಸ್ ಯಂತ್ರದ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿದ್ದುದನ್ನು ಶಿಗೆಯೋ ಶಿಂಗೋ ಅವರ ಮಾರ್ಗದರ್ಶನದಲ್ಲಿ 1970ರ ವೇಳೆಗೆ ಮೂರು ನಿಮಿಷಕ್ಕೆ ಇಳಿಸಿದ್ದು ಇದಕ್ಕೆ ನಿದರ್ಶನ. ಅಚ್ಚು ಬೇಗ ಬದಲಾದರೆ ಸಣ್ಣ ಸಣ್ಣ ಪ್ರಮಾಣದಲ್ಲಿ ತಯಾರಿಸಬಹುದು. ಗೋದಾಮಿನಲ್ಲಿ ಬಂಡವಾಳ ಮಲಗುವುದಿಲ್ಲ.

ಮಗ್ಗದ ಗುಣವೂ ಜೋಡಣಾ ಸಾಲಿಗೆ ಬಂದಿತು. ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ನೆರವು ಕರೆಯಬಹುದು. ದೋಷ ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಲ್ಲಿ ತೊಂದರೆಯಾಗಿದೆಯೆಂದು ಎಲ್ಲರಿಗೂ ಕಾಣುವಂತೆ ದೀಪದ ಫಲಕ ಬೆಳಗುತ್ತದೆ. ಬಳಿಕ ‘ಏಕೆ’ ಎಂದು ಐದು ಬಾರಿ ಕೇಳಿ ಮೂಲ ಕಾರಣ ಹುಡುಕುವುದು ಪದ್ಧತಿ. ಸಾಲು ನಿಂತ ಪ್ರತಿ ನಿಮಿಷವೂ ನಷ್ಟವೇ. ಆದರೂ ದೋಷವನ್ನು ಮುಂದಕ್ಕೆ ಸಾಗಿಸುವ ನಷ್ಟ ಅದಕ್ಕಿಂತ ದೊಡ್ಡದೆಂಬುದು ಈ ಪದ್ಧತಿಯ ತಿರುಳು.

ಹೆಸರು ಬಂದ ಬಗೆ

ಈ ಶಿಸ್ತಿನ ಫಲ ಕೂಡಲೇ ದೊರೆಯಲಿಲ್ಲ. 1957ರಲ್ಲಿ ಅಮೆರಿಕಕ್ಕೆ ಕಳುಹಿಸಿದ ‘ಕ್ರೌನ್’ ಕಾರು ಅಲ್ಲಿನ ಹೆದ್ದಾರಿಗಳ ವೇಗವನ್ನು ತಾಳಲಿಲ್ಲ. 1960ರಲ್ಲಿ ಸಂಸ್ಥೆ ಅಲ್ಲಿಗೆ ಕಾರುಗಳ ರಫ್ತನ್ನೇ ನಿಲ್ಲಿಸಿತು. ಕೆಟ್ಟ ಗಾಡಿಯನ್ನು ಮಾರುತ್ತ ಹೋಗದೆ, ತಕ್ಕ ಗಾಡಿ ಸಿದ್ಧವಾಗುವವರೆಗೆ ಕಾದು, 1965ರಲ್ಲಿ ‘ಕೊರೋನಾ’ದೊಂದಿಗೆ ಮರಳಿತು. ಗುಣಮಟ್ಟಕ್ಕೆ ನೀಡುವ ಡೆಮಿಂಗ್ ಪ್ರಶಸ್ತಿ ದೊರೆತದ್ದೂ ಅದೇ ವರ್ಷ. 1966ರಲ್ಲಿ ಆರಂಭವಾದ ‘ಕೊರೊಲ್ಲಾ’ದ ಮಾರಾಟ 2021ರಲ್ಲಿ 5 ಕೋಟಿ ದಾಟಿತು.

1989ರಲ್ಲಿ ‘ಲೆಕ್ಸಸ್’ ಎಂಬ ಐಷಾರಾಮಿ ಕಾರು ಅಮೆರಿಕದ ಮಾರುಕಟ್ಟೆಗೆ ಬಂದ ಕೆಲವೇ ತಿಂಗಳಲ್ಲಿ ಬೆರಳೆಣಿಕೆಯ ದೂರುಗಳು ಬಂದವು. ಸಂಸ್ಥೆ ಅದುವರೆಗೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ವಾಪಸು ಕರೆಸಿತು. ಸಿಬ್ಬಂದಿ ಗಿರಾಕಿಗಳಲ್ಲಿಗೇ ಹೋಗಿ ಕಾರು ಒಯ್ದು, ಸರಿಪಡಿಸಿ, ತೊಳೆದು, ಇಂಧನ ತುಂಬಿಸಿ ಮರಳಿಸಿದರು. ಹೆಸರಿಗೆ ಮಸಿಯಾಗಬಹುದಾಗಿದ್ದ ಸಂಗತಿಯೇ ಹೆಸರನ್ನು ಗಟ್ಟಿಗೊಳಿಸಿತು.

ಪೂರೈಕೆದಾರರ ಬಲ

1997ರ ಫೆಬ್ರವರಿ 1ರಂದು ಐಸಿನ್ ಸಂಸ್ಥೆಯ ಕರಿಯಾ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬ್ರೇಕಿನ ಒತ್ತಡ ನಿಯಂತ್ರಿಸುವ ಚಿಕ್ಕ ವಾಲ್ವೊಂದನ್ನು ಟೊಯೋಟಾಗೆ ಬಹುತೇಕ ಪೂರ್ತಿಯಾಗಿ ಒದಗಿಸುತ್ತಿದ್ದುದು ಆ ಒಂದೇ ಕಾರ್ಖಾನೆ. ದಾಸ್ತಾನು ಅತ್ಯಲ್ಪವಾಗಿತ್ತು. ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಸ್ತಬ್ಧವಾದವು. ಆಗ 60ಕ್ಕೂ ಹೆಚ್ಚು ಸಂಸ್ಥೆಗಳು ನಕ್ಷೆಗಳನ್ನು ಪಡೆದು, ತಮ್ಮಲ್ಲಿದ್ದ ಸಾಮಾನ್ಯ ಯಂತ್ರಗಳಲ್ಲೇ ವಾಲ್ವ್ ತಯಾರಿಸತೊಡಗಿದವು. ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಸಂಸ್ಥೆಯೂ ಅವುಗಳಲ್ಲಿತ್ತು. ಬೆಲೆಯ ಚೌಕಾಸಿ ಮೊದಲು ನಡೆಯಲಿಲ್ಲ. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಬಹುಮಟ್ಟಿಗೆ ಮರಳಿತು.

ಈ ಘಟನೆಗೆ ಎರಡು ಮುಖಗಳಿವೆ. ದೀರ್ಘಕಾಲದ ನಂಬಿಕೆ ಯಾವ ಒಪ್ಪಂದಪತ್ರಕ್ಕಿಂತಲೂ ಬಲವಾದುದು ಎಂಬುದು ಒಂದು. ಒಂದೇ ಮೂಲವನ್ನು ನೆಚ್ಚಿ, ದಾಸ್ತಾನನ್ನೂ ಇಟ್ಟುಕೊಳ್ಳದಿರುವುದು ಅಪಾಯವೆಂಬುದು ಇನ್ನೊಂದು. 2011ರ ಭೂಕಂಪದ ನಂತರ ಸಂಸ್ಥೆ ತನ್ನ ನಿಲುವನ್ನು ಸಡಿಲಿಸಿ, ಚಿಪ್‌ಗಳಂಥ ಸಾಮಗ್ರಿಗಳನ್ನು ತಿಂಗಳುಗಳಿಗೆ ಸಾಕಾಗುವಷ್ಟು ಇರಿಸುವಂತೆ ಪೂರೈಕೆದಾರರಿಗೆ ಸೂಚಿಸಿತು. 2021ರ ಚಿಪ್ ಕೊರತೆಯಲ್ಲಿ ಅದು ಪ್ರತಿಸ್ಪರ್ಧಿಗಳಿಗಿಂತ ಹೆಚ್ಚು ಕಾಲ ತಡೆದುಕೊಂಡದ್ದು ಇದರಿಂದಲೇ. ಆ ವರ್ಷದ ಸೆಪ್ಟೆಂಬರ್ ವೇಳೆಗೆ ಅದಕ್ಕೂ ಬಿಸಿ ತಟ್ಟಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

2008ರಲ್ಲಿ ಟೊಯೋಟಾ ಮಾರಾಟದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಹಿಂದಿಕ್ಕಿತು. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಕಾರೊಂದು ವೇಗ ತಗ್ಗದೆ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಕಾಲಡಿಯ ಚಾಪೆಗೆ ವೇಗದ ಪೆಡಲ್ ಸಿಕ್ಕಿಕೊಂಡಿತ್ತು. ಕೆಲವು ಮಾದರಿಗಳಲ್ಲಿ ಪೆಡಲ್ ತಾನೇ ಬಿಗಿದುಕೊಳ್ಳುವ ದೋಷವೂ ಬಳಿಕ ಬೆಳಕಿಗೆ ಬಂತು. ಲಕ್ಷಾಂತರ ವಾಹನಗಳು ವಾಪಸಾದವು. 2010ರ ಜನವರಿಯಲ್ಲಿ ಎಂಟು ಮಾದರಿಗಳ ಮಾರಾಟ ಅಮೆರಿಕದಲ್ಲಿ ನಿಂತಿತು. ಫೆಬ್ರವರಿ 24ರಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ಹಾಜರಾದ ಅಧ್ಯಕ್ಷ ಅಕಿಯೋ ಟೊಯೋಡಾ ಕ್ಷಮೆ ಕೋರಿದರು. ಬೆಳವಣಿಗೆಯ ವೇಗ ಮಿತಿಮೀರಿತ್ತು, ಸುರಕ್ಷತೆ ಮೊದಲು ಎಂಬ ಆದ್ಯತೆಯ ಕ್ರಮ ಗೊಂದಲಕ್ಕೀಡಾಯಿತು ಎಂದು ಒಪ್ಪಿಕೊಂಡರು.

ಎಲೆಕ್ಟ್ರಾನಿಕ್ ವ್ಯವಸ್ಥೆಯೇ ವೇಗ ಹೆಚ್ಚಿಸಿತೆಂಬುದಕ್ಕೆ ಆಧಾರವಿಲ್ಲವೆಂದು 2011ರಲ್ಲಿ ಅಮೆರಿಕದ ಸರ್ಕಾರಿ ತನಿಖೆ ತಿಳಿಸಿತು. ಆದರೆ ದೋಷಗಳ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿದ್ದನ್ನು 2014ರಲ್ಲಿ ಸಂಸ್ಥೆ ಒಪ್ಪಿಕೊಂಡು 120 ಕೋಟಿ ಡಾಲರ್ ದಂಡ ತೆತ್ತಿತು. ಪೆಡಲಿನ ದೋಷಕ್ಕಿಂತ ಮರೆಮಾಚಿದ ದೋಷವೇ ದುಬಾರಿಯಾಯಿತು.

ಕರ್ನಾಟಕದ ನಂಟು

ಭಾರತಕ್ಕೆ ಟೊಯೋಟಾ ಮೊದಲು ಕಾಲಿಟ್ಟದ್ದು 1980ರ ದಶಕದಲ್ಲಿ, ಡಿಸಿಎಂ ಸಮೂಹದೊಡನೆ ಲಘು ಟ್ರಕ್ಕುಗಳ ತಯಾರಿಕೆಗಾಗಿ. ಆ ಪಾಲುದಾರಿಕೆ ಬಾಳಲಿಲ್ಲ. ಕರ್ನಾಟಕದಲ್ಲಿ ಸಮೂಹದ ಹೆಜ್ಜೆ ಬಿದ್ದದ್ದು ಮತ್ತೆ ಜವಳಿ ಯಂತ್ರದ ಮೂಲಕವೇ. ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ್ ಸಮೂಹದೊಡನೆ 1995ರಲ್ಲಿ ಜಂಟಿ ಸಂಸ್ಥೆ ಆರಂಭವಾಯಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, ಬಿಡದಿಯಲ್ಲಿ ತಯಾರಾದ ‘ಕ್ವಾಲಿಸ್’ 2000ದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಅದು ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ‘ಇನ್ನೋವಾ’ ತಂದದ್ದು ಅನೇಕರಿಗೆ ಅಚ್ಚರಿ ತಂದಿತ್ತು. 2007ರಲ್ಲಿ ಗ್ರಾಮೀಣ ಬಡ ಕುಟುಂಬಗಳ ಯುವಕರಿಗಾಗಿ ಅಲ್ಲಿಯೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಬಿಡದಿಯ ಹಾದಿ ಸದಾ ಸುಗಮವಾಗಿರಲಿಲ್ಲ. 2014ರಲ್ಲಿಯೂ, 2020ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗೂ ಕಾರ್ಮಿಕ ವಿವಾದ ಮತ್ತು ಬೀಗಮುದ್ರೆಗಳನ್ನು ಅದು ಕಂಡಿತು.

2024ರ ಜನವರಿಯಲ್ಲಿ ಡೀಸೆಲ್ ಎಂಜಿನ್‌ಗಳ ಪ್ರಮಾಣಪತ್ರಕ್ಕಾಗಿ ನಡೆಸಿದ ಪರೀಕ್ಷೆಗಳಲ್ಲಿ ಅಕ್ರಮ ನಡೆದದ್ದು ಜಪಾನಿನಲ್ಲಿ ಬಯಲಾದಾಗ ಬಿಡದಿಯಿಂದಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ವಾಹನಗಳ ರವಾನೆ ಕೆಲಕಾಲ ನಿಂತಿತು. ಆ ಪರೀಕ್ಷೆಗಳನ್ನು ನಡೆಸಿದ್ದುದು ಟೊಯೋಟಾ ಇಂಡಸ್ಟ್ರೀಸ್; 1926ರಲ್ಲಿ ಸಕಿಚಿಯವರ ಮಗ್ಗಕ್ಕಾಗಿ ಹುಟ್ಟಿದ ಕಾರ್ಖಾನೆಯೇ ಅದು. ಅದಕ್ಕೂ ಮೊದಲು 2022ರಲ್ಲಿ ಹಿನೋ, 2023ರಲ್ಲಿ ದೈಹತ್ಸು ಸಂಸ್ಥೆಗಳಲ್ಲಿ ಇಂಥವೇ ಅಕ್ರಮಗಳು ಹೊರಬಿದ್ದಿದ್ದವು. ಎಳೆ ಕಡಿದರೆ ನಿಲ್ಲಬೇಕೆಂದು ಜಗತ್ತಿಗೆ ಕಲಿಸಿದ ಮನೆಯೇ ಗಡುವಿನ ಒತ್ತಡದಲ್ಲಿ ನಿಲ್ಲುವುದನ್ನು ಮರೆತಿತ್ತು. ಜನವರಿ 30ರಂದು ಅಕಿಯೋ ಟೊಯೋಡಾ ಮತ್ತೊಮ್ಮೆ ಕ್ಷಮೆ ಕೋರಿದರು.

ಸಣ್ಣ ಉದ್ಯಮಕ್ಕೆ ಏನು?

ಟೊಯೋಟಾ ಪದ್ಧತಿಯ ಹೆಸರಿನಲ್ಲಿ ದೊಡ್ಡ ಖರೀದಿದಾರನು ತನ್ನ ಗೋದಾಮನ್ನು ಬರಿದು ಮಾಡಿ, ಬೇಡಿಕೆಯನ್ನು ದಿನಕ್ಕೊಂದು ಬಗೆ ಬದಲಿಸುತ್ತಿದ್ದರೆ ದಾಸ್ತಾನು ಮಾಯವಾಗುವುದಿಲ್ಲ. ಪೂರೈಕೆದಾರನ ಗೋದಾಮಿಗೆ, ಅವನ ಬಡ್ಡಿಯ ಲೆಕ್ಕಕ್ಕೆ ವರ್ಗವಾಗುತ್ತದೆ. ಬೇಡಿಕೆಯನ್ನು ಸಮನಾಗಿ ಹರಡುವುದು ಖರೀದಿದಾರನ ಕರ್ತವ್ಯವೆಂಬುದು ಅದೇ ಪದ್ಧತಿಯ ಅರ್ಧಭಾಗ. ಅದನ್ನು ಕೇಳಿ ಪಡೆಯುವ ಹಕ್ಕು ಸಣ್ಣ ತಯಾರಕನಿಗಿದೆ.

ಉಳಿದರ್ಧ ಅವನದೇ ಹೊಣೆ. ಹತ್ತು ಮಂದಿ ದುಡಿಯುವ ಕಾರ್ಖಾನೆಗೆ ದೀಪದ ಫಲಕವಾಗಲಿ ಗಣಕಯಂತ್ರವಾಗಲಿ ಅನಿವಾರ್ಯವಲ್ಲ. ಅಳತೆ ತಪ್ಪಿದ ಭಾಗವನ್ನು ಕಂಡ ಹುಡುಗ ಯಂತ್ರ ನಿಲ್ಲಿಸಿ ಹೇಳಿದರೆ ಬೈಗುಳ ಸಿಗುವುದೋ, ಶಹಬ್ಬಾಸ್ ಸಿಗುವುದೋ ಎಂಬುದಷ್ಟೇ ಪ್ರಶ್ನೆ. ಸಂಜೆಯ ಲಾರಿಗೆ ಮಾಲು ತುಂಬಲೇಬೇಕಾದ ದಿನ ಮಾಲೀಕನು ಕೊಡುವ ಉತ್ತರದಿಂದಲೇ ಆ ಕಾರ್ಖಾನೆಯ ಹೆಸರು ನಿಶ್ಚಯವಾಗುತ್ತದೆ.